ವಿದೇಶದ ವಿದ್ಯೆಯೂ ಶ್ರಾವಕನ ಲೆಕ್ಕವೂ

ಪರಶುರಾಂಪುರವು ಚಳ್ಳಕೆರೆ ತಾಲ್ಲೂಕಿನಲ್ಲಿ ಆಂಧ್ರಪ್ರದೇಶದ ಗಡಿಗೆ ಹತ್ತಿರವಿರುವ ಹೋಬಳಿ ಕೇಂದ್ರ. ವೇದಾವತಿಯ ಸೀಮೆಯಾದರೂ ಮಳೆ ಕಡಿಮೆ. ಶೇಂಗಾ ಕೈಗೆ ಬಂದ ವರ್ಷ ಪೇಟೆಗೆ ಕಳೆ, ಬಾರದ ವರ್ಷ ಉದರಿಯ ಪುಸ್ತಕ ದಪ್ಪ. ಕನ್ನಡ ತೆಲುಗುಗಳೆರಡೂ ಅಂಗಡಿಯ ಕಟ್ಟೆಯ ಮೇಲೆ ಸಮಾನವಾಗಿ ನಡೆಯುವ ಇಂಥ ಊರಿನ ಒಂದು ಶ್ರಾವಕ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ಚಳ್ಳಕೆರೆಯಲ್ಲಿ ಪದವಿ ಮುಗಿಸಿ ದಾವಣಗೆರೆಯಲ್ಲಿ ಜೀವರಸಾಯನ ಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಪೂರೈಸಿದ್ದಾಳೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಸಂಶೋಧನೆಗೆ ಪ್ರವೇಶಪತ್ರ ಬಂದಿದೆ. ಮನೆಯ ಹಿರಿಯರು ಕೂಡಿ ಕುಳಿತಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಅಲ್ಲಿ ಊಟಕ್ಕೆ ಏನು ಮಾಡುತ್ತೀಯಮ್ಮ? ಓದು ಮುಗಿದ ಮೇಲೆ ತಿರುಗಿ ಬರುತ್ತೀಯೋ ಇಲ್ಲವೋ?

ಎರಡೂ ವಾತ್ಸಲ್ಯದಿಂದ ಹುಟ್ಟಿದ ಪ್ರಶ್ನೆಗಳೇ. ತಪ್ಪೆನ್ನುವಂತಿಲ್ಲ. ಆದರೆ ಮಗಳು ಐದಾರು ವರ್ಷ ಹಗಲಿರುಳು ಮಾಡಲಿರುವ ಕೆಲಸವಾದರೂ ಏನು, ಅದರ ಉದ್ದೇಶವೇನು, ಅದರಲ್ಲಿ ಯಾವ ಜೀವಕ್ಕೆ ಏನು ಸಂಭವಿಸುತ್ತದೆ ಎಂಬ ಪ್ರಶ್ನೆ ಆ ಕೂಟದಲ್ಲಿ ಏಳುವುದೇ ಇಲ್ಲ. ತಟ್ಟೆಯ ಮೇಲಿನ ವಸ್ತುವಿನ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ಸಮಾಜ ಕೈಯ ಕೆಲಸದ ಬಗ್ಗೆ ಇಷ್ಟು ಉದಾಸೀನವಾಗಿರುವುದು ವಿಚಾರಣೀಯ.

ಮೊದಲು ಈ ದಾರಿಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಬಹಳ ಮನೆಗಳಲ್ಲಿ ಇದನ್ನು ಉದ್ಯೋಗಕ್ಕಾಗಿ ಹೋಗುವ ದಾರಿಯೊಡನೆ ಬೆರೆಸಿಕೊಳ್ಳುತ್ತಾರೆ. ಎರಡು ವರ್ಷದ ಎಂ.ಎಸ್. ಪದವಿಗೆ ಹೋಗುವವರು ಶುಲ್ಕವನ್ನು ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಅದಕ್ಕಾಗಿ ಹೊಲ, ಗೋದಾಮು ಬ್ಯಾಂಕಿಗೆ ಆಧಾರವಾಗುತ್ತವೆ. ವಿಜ್ಞಾನದ ಪಿಎಚ್.ಡಿ.ಯ ರೀತಿ ಬೇರೆ. ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಇಂಥ ವಿದ್ಯಾರ್ಥಿಗೆ ಶುಲ್ಕವನ್ನು ಬಿಟ್ಟು, ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಹಾಯಕ ಕೆಲಸ ಕೊಟ್ಟು ತಿಂಗಳ ವೇತನವನ್ನೂ ಕೊಡುತ್ತವೆ. ಮನೆಯಿಂದ ಹೊರಡುವ ಹಣವೆಂದರೆ ಪರೀಕ್ಷೆಗಳ ಶುಲ್ಕ, ವೀಸಾ, ವಿಮಾನದ ಟಿಕೆಟ್ಟು, ಮೊದಲ ಒಂದೆರಡು ತಿಂಗಳ ಖರ್ಚು. ಹಣ ಇಲ್ಲಿ ದೊಡ್ಡ ಅಡಚಣೆಯಲ್ಲ, ದೊಡ್ಡದು ಕಾಲ. ಪಿಎಚ್.ಡಿ.ಗೆ ಐದಾರು ವರ್ಷ. ಆ ಮೇಲೆ ಪೋಸ್ಟ್ ಡಾಕ್ಟರಲ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆಯಲ್ಲಿ ಎರಡು ವರ್ಷವೋ ನಾಲ್ಕು ವರ್ಷವೋ. ಕೆಲವರಿಗೆ ಒಂದಾದ ಮೇಲೆ ಇನ್ನೊಂದು. ಸ್ವಂತ ಪ್ರಯೋಗಾಲಯ ಸಿಗುವ ಹೊತ್ತಿಗೆ ಮೂವತ್ತೈದು ದಾಟಿರುತ್ತದೆ, ಮತ್ತು ಅದು ಎಲ್ಲರಿಗೂ ಸಿಗುವುದೂ ಇಲ್ಲ. ಪ್ರವೇಶಪತ್ರ ಬಂದ ದಿನ ಪೇಡ ಹಂಚುವ ಮನೆಗಳಿಗೆ ಈ ಮಾತನ್ನು ಮುಂಚೆಯೇ ಹೇಳುವವರು ಕಡಿಮೆ. ಮಗಳಾದರೆ ಮದುವೆಯ ವಯಸ್ಸಿನ ಚಿಂತೆಯೂ ಇದರೊಳಗೆ ಸೇರುತ್ತದೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕಿಯಾಗಿ, ಅದೇ ವರ್ಷ ವಿವಾಹವನ್ನೂ ಮಾಡಿಕೊಂಡರೆಂಬುದನ್ನು ಅಂಥ ತಾಯಂದಿರಿಗೆ ನೆನಪಿಸಬಹುದು.

ಇನ್ನು ಎರಡನೆಯ ಪ್ರಶ್ನೆ, ಮರಳಿ ಬರುವ ವಿಷಯ. ಈ ವಿಷಯಕ್ಕೆ ಉಡುಪಿ ರಾಮಚಂದ್ರರಾಯರ ಜೀವನವು ಪರಶುರಾಂಪುರದ ಓದುಗನಿಗೆ ಹತ್ತಿರದ ನಿದರ್ಶನ. ಯು.ಆರ್. ರಾವ್ ಎಂದು ಪ್ರಸಿದ್ಧರಾದ ಅವರು 1932ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದರು. ಉಡುಪಿಯಲ್ಲಿ ಶಾಲೆ ಮುಗಿಸಿ ಇಂಟರ್‌ಮೀಡಿಯೆಟ್‌ಗೆ ಬಳ್ಳಾರಿಯ ವೀರಶೈವ ಕಾಲೇಜಿಗೂ, ಬಿ.ಎಸ್ಸಿ.ಗೆ ಅನಂತಪುರದ ಸರ್ಕಾರಿ ಕಾಲೇಜಿಗೂ ಬಂದರು. ಪರಶುರಾಂಪುರದವರು ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಿಬರುವ ಸೀಮೆಯ ಊರುಗಳಿವು. ಅಲ್ಲಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಬಳಿಕ ಅಹಮದಾಬಾದಿನ ಭೌತಶಾಸ್ತ್ರ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯತ್ವ, 1960ರಲ್ಲಿ ಡಾಕ್ಟರೇಟ್. 1961ರಲ್ಲಿ ಅಮೆರಿಕದ ಎಂ.ಐ.ಟಿ.ಗೆ ಹೋಗಿ, ಶುಕ್ರಗ್ರಹದತ್ತ ಸಾಗಿದ ಮ್ಯಾರಿನರ್-2 ನೌಕೆಯ ಅಳತೆಗಳಿಂದ ಸೌರಮಾರುತವು ಎಡೆಬಿಡದೆ ಬೀಸುವಂಥದು ಎಂಬುದನ್ನು ಸ್ಥಾಪಿಸುವ ಕೆಲಸದಲ್ಲಿ ಭಾಗಿಯಾದರು. ಆಮೇಲೆ ಟೆಕ್ಸಾಸಿನ ಡಲ್ಲಾಸಿನಲ್ಲಿ ಅಧ್ಯಾಪಕತ್ವ. ಅಲ್ಲಿಯೇ ಉಳಿದಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ. 1966ರಲ್ಲಿ ಅವರು ಅಹಮದಾಬಾದಿಗೆ ಹಿಂದಿರುಗಿದರು. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ 360 ಕಿಲೋ ತೂಕದ ಆರ್ಯಭಟ ಉಪಗ್ರಹವನ್ನು ಅವರ ನೇತೃತ್ವದಲ್ಲಿ ಬೆಂಗಳೂರು ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಲಾಯಿತು. 1984ರಿಂದ ಹತ್ತು ವರ್ಷ ಇಸ್ರೋ ಅಧ್ಯಕ್ಷರಾಗಿದ್ದು 2017ರಲ್ಲಿ ನಿಧನರಾದರು. ಅದೇ ಇಸ್ರೋ 2023ರ ಏಪ್ರಿಲ್ 2ರಂದು, ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ನೆಲಕ್ಕಿಳಿಯುವಂತೆ ಮಾಡಿದ್ದು ಚಳ್ಳಕೆರೆ ತಾಲ್ಲೂಕಿನ ಕಾವಲು ನೆಲದಲ್ಲಿಯೇ. (ಆ ಕಾವಲುಗಳಲ್ಲಿ ಕುರಿ ದನ ಮೇಯಿಸುತ್ತಿದ್ದವರ ಕಥೆ ಬೇರೊಂದು ಲೇಖನಕ್ಕೆ ವಸ್ತು; ವಿಜ್ಞಾನವು ನಮ್ಮ ಬಾಗಿಲಿಗೆ ಬಂದಾಗಲೂ ಬೆಲೆಯನ್ನು ಯಾರೋ ತೆರುತ್ತಾರೆ.)

ಇಂಥ ಚರಿತ್ರೆಯನ್ನು ಓದಿದ ತಂದೆಗೆ, ಹೋಗಿ ಬಂದವನೇ ಧರ್ಮಿಷ್ಠ, ಉಳಿದವನು ಋಣಗೇಡಿ ಎಂಬ ಭಾವನೆ ಬರುವುದು ಸಹಜ. ಗೌರಿಬಿದನೂರಿನ ಹೊಸೂರಿನಿಂದ ಬಂದು, ಓಹಿಯೋ ರಾಜ್ಯದ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಗೆ ಮರಳಿ ಅಲ್ಲಿಯೇ ಬಾಳಿದ ಎಚ್. ನರಸಿಂಹಯ್ಯನವರ ನಿದರ್ಶನ ಆ ಭಾವನೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಖಾದಿ ಉಟ್ಟು, ಮಕ್ಕಳಿಗೆ ಪಾಠ ಹೇಳಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಆ ಬ್ರಹ್ಮಚಾರಿಯ ಅಪರಿಗ್ರಹವನ್ನು ವ್ರತಧಾರಿಗಳೂ ಗೌರವದಿಂದ ನೋಡಬೇಕು.

ಆದರೆ ಮರಳುವಿಕೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ. ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು 1949ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1974ರ ಮೇ 18ರಂದು ಪೋಖರಣಿನಲ್ಲಿ ನಡೆದ ಪರಮಾಣು ಸ್ಫೋಟದ ಮುಖ್ಯ ಶಿಲ್ಪಿ ಅವರೇ. ಅಹಮದಾಬಾದಿನ ಜೈನ ಮನೆತನದ ಸಾರಾಭಾಯಿಯವರು ಕೇಂಬ್ರಿಜ್ಜಿನಿಂದ ಯುದ್ಧದ ಕಾರಣ ಹಿಂದಿರುಗಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಬಳಿ ವಿಶ್ವಕಿರಣಗಳ ಕೆಲಸ ಮಾಡಿ, ಮತ್ತೆ ಕೇಂಬ್ರಿಜ್ಜಿಗೆ ಹೋಗಿ ಪದವಿ ಪಡೆದು 1947ರಲ್ಲಿ ಬಂದರು. 1966ರಿಂದ 1971ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ ಬಾಂಬಿನ ದಾರಿಗೆ ಒಲವು ತೋರಲಿಲ್ಲ. ಇಬ್ಬರೂ ಮರಳಿದವರು, ಇಬ್ಬರೂ ದೇಶಸೇವಕರು. ಯಾರದು ಸರಿ ಎಂಬುದನ್ನು ಇತಿಹಾಸಕಾರರು ಚರ್ಚಿಸಲಿ. ಇಬ್ಬರಿಗೂ ಎದುರಾದ ನಿಜವಾದ ನೈತಿಕ ಪ್ರಶ್ನೆ ಎಲ್ಲಿರಬೇಕು ಎಂಬುದಾಗಿರಲಿಲ್ಲ, ಏನು ಮಾಡಬೇಕು ಎಂಬುದಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಉದಯಪುರದ ಜೈನ ಮನೆತನದಿಂದ ಬಂದ ಡಿ.ಎಸ್. ಕೊಠಾರಿಯವರ ಸ್ಥಿತಿ ಇನ್ನೂ ಸಂಕೀರ್ಣ. ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿ ಬಂದ ಅವರು 1948ರಿಂದ 1961ರವರೆಗೆ ರಕ್ಷಣಾ ಸಚಿವಾಲಯಕ್ಕೆ ವೈಜ್ಞಾನಿಕ ಸಲಹೆಗಾರರು; ಆ ಹುದ್ದೆಯಲ್ಲಿದ್ದುಕೊಂಡೇ 1956ರಲ್ಲಿ ಪರಮಾಣು ಸ್ಫೋಟಗಳ ಪರಿಣಾಮವೇನೆಂದು ಜಗತ್ತಿಗೆ ತಿಳಿಸುವ ಗ್ರಂಥವನ್ನು ಸಿದ್ಧಪಡಿಸಿದರು. ಅಹಿಂಸೆಯ ಸಂಸ್ಕಾರವುಳ್ಳವನು ಆಯುಧದ ಕಛೇರಿಯಲ್ಲಿ ಕುಳಿತು ಮಾಡಬಹುದಾದ ಅತ್ಯುತ್ತಮ ಕೆಲಸ ಅದಾಗಿತ್ತೆನ್ನಬಹುದು.

ಹಾಗೆಯೇ ಉಳಿದವರ ಖಾತೆಯನ್ನೂ ಬಿಡಿಸಿ ನೋಡಬೇಕು. ಶ್ರೀನಿವಾಸ ಕುಲಕರ್ಣಿಯವರು ಕುರುಂದವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದವರು. ದೆಹಲಿಯ ಐ.ಐ.ಟಿ.ಯಿಂದ 1978ರಲ್ಲಿ ಹೊರಬಿದ್ದು ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿರುವಾಗಲೇ, 1982ರಲ್ಲಿ, ಸೆಕೆಂಡಿಗೆ ಆರುನೂರಕ್ಕೂ ಹೆಚ್ಚು ಬಾರಿ ತಿರುಗುವ ಮೊದಲ ಮಿಲಿಸೆಕೆಂಡ್ ಪಲ್ಸಾರಿನ ಶೋಧನೆಯಲ್ಲಿ ಪಾಲುಗೊಂಡರು. ಆಮೇಲೆ ಕ್ಯಾಲ್ಟೆಕ್ಕಿನಲ್ಲಿಯೇ ನೆಲೆನಿಂತರು. 2024ರಲ್ಲಿ ಶಾ ಪ್ರಶಸ್ತಿ ಬಂದಿತು. ಅವರ ಶಿಷ್ಯೆ, ಇಂದೋರಿನಲ್ಲಿ ಹುಟ್ಟಿದ ಮಾನ್ಸಿ ಕಾಸಲೀವಾಲರು ಅಲ್ಲಿಂದ ನಡೆಸಿದ ಅಂತರರಾಷ್ಟ್ರೀಯ ಯೋಜನೆಯ ಭಾಗವಾಗಿ 2018ರಲ್ಲಿ ಲಡಾಖಿನ ಹಾನ್ಲೆಯಲ್ಲಿ ಒಂದು ದೂರದರ್ಶಕ ಕೆಲಸ ಆರಂಭಿಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಮುಂಬಯಿಯ ಐ.ಐ.ಟಿ.ಗಳ ಹುಡುಗ ಹುಡುಗಿಯರು ಈಗ ಅದರಲ್ಲಿ ಆಕಾಶ ನೋಡುತ್ತಾರೆ. ಹುಬ್ಬಳ್ಳಿಯಿಂದ ಹೊರಟದ್ದು ಹುಬ್ಬಳ್ಳಿಗೇ ಬರಲಿಲ್ಲ, ಹಾನ್ಲೆಗೆ ಬಂದಿತು. ಇದನ್ನು ಯಾವ ಪುಟದಲ್ಲಿ ಜಮಾ ಬರೆಯಬೇಕು?

ಈ ತೊಡಕು ಹುಟ್ಟುವುದು, ವಿದ್ಯೆಗೆ ಕೊಟ್ಟದ್ದು ದಾನವೋ ಸಾಲವೋ ಎಂಬುದನ್ನು ಕೊಡುವಾಗಲೇ ನಿರ್ಧರಿಸದೆ ಇರುವುದರಿಂದ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ವಿದ್ಯೆಯೂ ಸೇರಿದೆ. ದಾನಕ್ಕೆ ವಸೂಲಿಯಿಲ್ಲ. ಆಹಾರದಾನ ಮಾಡಿದ ಗೃಹಸ್ಥನು ಉಂಡವರು ಎತ್ತ ಹೋದರೆಂದು ಬೆನ್ನು ಹತ್ತುವುದಿಲ್ಲ. ವ್ಯಾಪಾರಸ್ಥನಿಗೆ ಸಾಲದ ಧರ್ಮವೂ ತಿಳಿದದ್ದೇ: ಅಸಲು, ಬಡ್ಡಿ, ವಾಯಿದೆ ಮೂರನ್ನೂ ಬರೆದು ಇಬ್ಬರೂ ರುಜು ಹಾಕಬೇಕು. ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ ಕೊಡುವಾಗ ದಾನವೆಂದು ಹೇಳಿ, ಹತ್ತು ವರ್ಷದ ಮೇಲೆ ಸಾಲವೆಂದು ನೆನಪಿಸುವ ಪದ್ಧತಿ ಬೆಳೆದಿದೆ. ಕಿರ್ದಿಯಲ್ಲಿ ಹೀಗೆ ಬರೆದ ಗುಮಾಸ್ತನನ್ನು ಯಾವ ಮಾಲೀಕನೂ ಇಟ್ಟುಕೊಳ್ಳನು.

ಜಮ್‌ಶೆಟ್‌ಜಿ ಟಾಟಾ ಅವರು 1892ರಲ್ಲಿ ಭಾರತೀಯರ ಉನ್ನತ ವ್ಯಾಸಂಗಕ್ಕೆಂದು ಸ್ಥಾಪಿಸಿದ ನಿಧಿಯು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿತ್ತು. ಅದು ಕೊಟ್ಟದ್ದು ದಾನವಲ್ಲ, ಸಾಲ. ಮೊದಲ ಫಲಾನುಭವಿಗಳಲ್ಲಿ ವೈದ್ಯಕೀಯ ಓದಲು ಹೊರಟ ಹೆಣ್ಣುಮಕ್ಕಳೂ ಇದ್ದರು. ಪಡೆದವನು ಹಣವನ್ನು ತೀರಿಸುತ್ತಿದ್ದ, ಆ ಹಣ ಮುಂದಿನವನ ಹಡಗಿನ ಚೀಟಿಯಾಗುತ್ತಿತ್ತು. ರಾಜಾ ರಾಮಣ್ಣನವರೂ ಆ ನಿಧಿಯಿಂದ ಹೋದವರೇ. ಇದರಲ್ಲಿ ಕೊಟ್ಟವನಿಗೆ ಮೇಲುಗೈಯಿಲ್ಲ, ಪಡೆದವನಿಗೆ ಹಂಗಿಲ್ಲ. ವಿದ್ಯಾರ್ಥಿವೇತನ ಕೊಡುವ ಬಸದಿಗಳ ಟ್ರಸ್ಟುಗಳು ಈ ಪದ್ಧತಿಯನ್ನು ಪರಿಶೀಲಿಸಬೇಕು. ಹೊರದೇಶಕ್ಕೆ ಹೋಗುವವರಿಗೆ ಕೊಡುವುದು ಸಾಲವೆಂದೇ ಠರಾವಿನಲ್ಲಿ ಬರೆದು, ಹಣ ತೀರಿದ ದಿನ ಟ್ರಸ್ಟಿನ ಹಕ್ಕೂ ತೀರಿತೆಂದು ಒಪ್ಪಿಕೊಂಡರೆ, ಆ ಮೇಲೆ ಅವನು ಬೋಸ್ಟನ್ನಿನಲ್ಲಿರಲಿ ಬಾಗಲಕೋಟೆಯಲ್ಲಿರಲಿ, ಸಭೆಯಲ್ಲಿ ಆಡಿಕೊಳ್ಳಲು ಯಾರಿಗೂ ಅವಕಾಶವಿರದು.

ತಂದೆತಾಯಿಗಳ ಮಾತು ಟ್ರಸ್ಟಿನಂತಲ್ಲ. ಮುಪ್ಪಿನಲ್ಲಿ ಮಗಳು ಹತ್ತಿರವಿರಲಿ ಎಂಬ ಬಯಕೆ ಲೆಕ್ಕಕ್ಕೆ ಸೇರದ ವಸ್ತು. ಆದರೆ ಆ ಬಯಕೆ ಬಯಕೆಯ ಹೆಸರಿನಲ್ಲಿ ಹೊರಬರುವುದು ಅಪರೂಪ. ದೇಶಸೇವೆ, ಕುಲಧರ್ಮ, ಸಂಸ್ಕೃತಿ ಎಂಬ ದೊಡ್ಡ ಹೆಸರುಗಳನ್ನು ಹೊದ್ದು ಬರುತ್ತದೆ. ಮಂಡಿನೋವಿನ ತಾಯಿ ‘ನನಗೆ ನೀನು ಬೇಕು’ ಎಂದರೆ ಮಗಳು ಅದನ್ನು ತೂಗಿ ನೋಡಬಲ್ಲಳು. ‘ದೇಶದ ಋಣ ತೀರಿಸು’ ಎಂದಾಗ ಅವಳು ವಾದಕ್ಕಿಳಿಯುತ್ತಾಳೆ, ಮತ್ತು ವಾದದಲ್ಲಿ ಬಹುಶಃ ಗೆಲ್ಲುತ್ತಾಳೆ. ಸತ್ಯಾಣುವ್ರತವು ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸುವುದಲ್ಲ.

ದೂರ ಹೋಗುವುದರ ಬಗ್ಗೆಯೇ ಶ್ರಾವಕಾಚಾರದಲ್ಲಿ ಒಂದು ವಿಧಿಯಿದೆ. ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ಹತ್ತು ದಿಕ್ಕುಗಳಲ್ಲಿ ಎಲ್ಲಿಯವರೆಗೆ ಹೋಗುವೆನೆಂಬ ಎಲ್ಲೆಯನ್ನು ಆಜೀವವಾಗಿ ಹಾಕಿಕೊಳ್ಳುವುದು. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಸಮುದ್ರ, ನದಿ, ಅಡವಿ, ಬೆಟ್ಟಗಳನ್ನು ಆ ಎಲ್ಲೆಗೆ ಗುರುತಾಗಿ ಸೂಚಿಸುತ್ತದೆ. ದೇಶವ್ರತವು ಆ ಎಲ್ಲೆಯೊಳಗೆ, ಗೊತ್ತಾದ ಕಾಲಕ್ಕೆ ಮಾತ್ರ, ಇನ್ನಷ್ಟು ಕಿರಿದಾದ ಮಿತಿಯನ್ನು ಹಾಕಿಕೊಳ್ಳುವುದು. ಕಡಲು ದಾಟುವುದೇ ದೋಷವೆಂದು ಇದರಿಂದ ಅರ್ಥಮಾಡಿದವರು ಹಿಂದೆ ಇದ್ದರು. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆತ್ಮಾರಾಮಜಿ ಮಹಾರಾಜರಿಗೆ ಆಮಂತ್ರಣ ಬಂದಾಗ, ಮುನಿಗಳಾದ ಅವರು ತಾವು ಹೋಗಲಾರದೆ ಗೃಹಸ್ಥರಾದ ವೀರಚಂದ ಗಾಂಧಿಯವರನ್ನು ಕಳುಹಿಸಿದರು. ಆ ಪ್ರಯಾಣಕ್ಕೂ ಮುಂಬಯಿಯ ಸಮಾಜದಲ್ಲಿ ವಿರೋಧ ಎದ್ದಿತು. ವ್ರತದ ಉದ್ದೇಶ ಲೋಭದ ಸಂಕೋಚವೇ ಹೊರತು ಉಪ್ಪುನೀರಿನ ಭಯವಲ್ಲ. ಹೊಸ ಹೊಸ ಪೇಟೆಗಳ ಆಸೆಗೆ ಬಿದ್ದು ವರ್ತಕನು ತನ್ನ ಆರಂಭವನ್ನು ಹಿಗ್ಗಿಸುತ್ತ ಹೋಗದಿರಲಿ ಎಂಬುದು ಅದರ ತಿರುಳು.

ಈ ವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುವಲ್ಲಿ ಎರಡು ಹೆಸರುಗಳು ಹೊರದೇಶದ ವಿದ್ಯಾರ್ಥಿಯ ಜೀವನಕ್ಕೆ ಆಶ್ಚರ್ಯಕರವಾಗಿ ಹೊಂದುತ್ತವೆ. ಒಂದು ಕ್ಷೇತ್ರವೃದ್ಧಿ, ಹಾಕಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸುವುದು. ಇನ್ನೊಂದು ಸ್ಮೃತ್ಯಂತರಾಧಾನ, ಎಲ್ಲೆ ಎಲ್ಲಿತ್ತೆಂಬುದನ್ನೇ ಮರೆಯುವುದು. ಹೊರದೇಶದಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಉಳಿಯಬೇಕೆಂದು ತೀರ್ಮಾನಿಸಿ ಉಳಿದವರಲ್ಲ. ಪದವಿ ಮುಗಿಯಲಿ ಎಂದರು, ಒಂದು ಒಳ್ಳೆಯ ಹುದ್ದೆ ನೋಡೋಣ ಎಂದರು, ಮಗುವಿನ ಶಾಲೆಯ ವರ್ಷ ಮುಗಿಯಲಿ ಎಂದರು. ತೀರ್ಮಾನ ಮಾಡದೆಯೇ ಇಪ್ಪತ್ತು ವರ್ಷ ಕಳೆಯಿತು. ಉಳಿದದ್ದು ದೋಷವಲ್ಲ, ಮರೆತದ್ದು ದೋಷ. ಫುಲ್‌ಬ್ರೈಟ್ ವೇತನದಂಥ ಕೆಲವು ವ್ಯವಸ್ಥೆಗಳಲ್ಲಿ ಓದಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕೆಂಬ ನಿಯಮವಿದೆ. ಅದು ಸರ್ಕಾರ ಹಾಕಿದ ಎಲ್ಲೆ. ಹೊರಡುವ ಮೊದಲೇ ತಾನಾಗಿ ಒಂದು ದಿನಾಂಕವನ್ನು ಗೊತ್ತುಮಾಡಿಕೊಂಡು, ಆ ದಿನ ಬಂದಾಗ ಉಳಿಯುವುದೋ ಮರಳುವುದೋ ಎಂದು ಕುಳಿತು ಯೋಚಿಸುವುದು ದೇಶವ್ರತಕ್ಕೆ ಸಮೀಪದ ನಡತೆ. ಆ ದಿನ ಉಳಿಯುವುದೆಂದು ತೀರ್ಮಾನವಾದರೂ ಅದು ತೀರ್ಮಾನವೇ.

ಈಗ ಊಟದ ಪ್ರಶ್ನೆಗೆ ಬರಬಹುದು. ಅದು ಬಹುಮಟ್ಟಿಗೆ ಪರಿಹಾರವಾಗಿಹೋದ ಪ್ರಶ್ನೆ. ಅಕ್ಕಿ, ಬೇಳೆ, ತರಕಾರಿ ಎಲ್ಲೆಡೆ ಸಿಗುತ್ತವೆ. ಕುಕ್ಕರನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಮಗಳು ಅಡುಗೆ ಕಲಿತಿದ್ದರೆ ಸಾಕು. ಆದರೆ ಜೀವರಸಾಯನ ಓದಿದ ಮಗಳು ಬೆಳಿಗ್ಗೆ ಶುದ್ಧ ಸಾತ್ವಿಕ ಉಪ್ಪಿಟ್ಟು ತಿಂದು ಪ್ರಯೋಗಾಲಯಕ್ಕೆ ಹೋದ ಮೇಲೆ ಏನಾಗುತ್ತದೆ? ಜೀವಶಾಸ್ತ್ರದ ಬಹಳ ವಿಭಾಗಗಳಲ್ಲಿ ಇಲಿಗಳ ಮೇಲೆ ಔಷಧವನ್ನು ಪರೀಕ್ಷಿಸಿ, ಕೊನೆಗೆ ಅವುಗಳನ್ನು ಕೊಂದು ಅಂಗಾಂಶಗಳನ್ನು ನೋಡುವುದು ದಿನನಿತ್ಯದ ಕೆಲಸ. ಭಾರತದಲ್ಲಿ 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿತು. ಒಳ್ಳೆಯ ಕೆಲಸವೇ. ಅದರ ಒಂದು ಫಲವೆಂದರೆ, ಈ ಪ್ರಶ್ನೆ ಮಗಳಿಗೆ ಮೊದಲ ಬಾರಿ ಎದುರಾಗುವುದು ಹತ್ತು ಸಾವಿರ ಮೈಲಿ ದೂರದಲ್ಲಿ, ಒಬ್ಬಳೇ ಇರುವಾಗ, ತಲೆಯ ಮೇಲೆ ಮಾರ್ಗದರ್ಶಕರ ಗಡುವು ಇರುವಾಗ.

ಅಲ್ಲಿಯೂ ಕರುಣೆಯಿಲ್ಲವೆಂದಲ್ಲ. ಪ್ರತಿಯೊಂದು ಸಂಸ್ಥೆಯಲ್ಲಿ ಪ್ರಾಣಿಪ್ರಯೋಗಗಳನ್ನು ಪರಿಶೀಲಿಸುವ ಸಮಿತಿಯಿದೆ. ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾ‌ನಿಗಳು 1959ರ ಗ್ರಂಥದಲ್ಲಿ, ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಬೇಕು, ಬಳಸಲೇಬೇಕಾದರೆ ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂದು ವಿಧಿಸಿದ ಕ್ರಮವನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ಅಮೆರಿಕದ ಶಾಸನವು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಆದರೆ ಆ ಸಮಿತಿಗಳ ದೃಷ್ಟಿ ಸಾಮಾನ್ಯವಾಗಿ ಬೆನ್ನೆಲುಬಿನ ಪ್ರಾಣಿಗಳಲ್ಲಿ ನಿಲ್ಲುತ್ತದೆ. ಹಣ್ಣಿನ ನೊಣ, ಒಂದು ಮಿಲಿಮೀಟರಿನ ದುಂಡುಹುಳು ಇವುಗಳ ಮೇಲೆ ಏನು ಮಾಡಿದರೂ ಅರ್ಜಿ ಬೇಕಿಲ್ಲ. ಶ್ರಾವಕನ ಲೆಕ್ಕ ಬೇರೆ ಕಡೆಯಿಂದ ಆರಂಭವಾಗುತ್ತದೆ. ಹುಳುವು ದ್ವೀಂದ್ರಿಯ, ನೊಣವು ಚತುರಿಂದ್ರಿಯ, ಇಲಿಯು ಪಂಚೇಂದ್ರಿಯ. ಎಲ್ಲವೂ ತ್ರಸಜೀವಗಳೇ, ಅಹಿಂಸಾಣುವ್ರತವು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದೆಂದು ಹೇಳುವ ವರ್ಗಕ್ಕೆ ಸೇರಿದವು.

ಇದನ್ನು ಉದ್ಯೋಗೀ ಹಿಂಸೆಯೆಂದು ಪರಿಗಣಿಸಿ ಸಮಾಧಾನಪಡುವವರಿದ್ದಾರೆ. ನೇಗಿಲಿನ ಕೆಳಗೆ ಹುಳು ಸಾಯುವುದಿಲ್ಲವೆ, ಎಣ್ಣೆ ಗಾಣದಲ್ಲಿ ಜೀವಹಾನಿಯಾಗುವುದಿಲ್ಲವೆ ಎಂಬುದು ಅವರ ವಾದ. ಹೋಲಿಕೆ ಸರಿಯಲ್ಲ. ನೇಗಿಲು ಹೊಡೆಯುವವನು ಹುಳುವನ್ನು ಕೊಲ್ಲಲು ಹೊರಟವನಲ್ಲ. ಹುಳುವಿಲ್ಲದಿದ್ದರೆ ಅವನ ಕೆಲಸ ಇನ್ನೂ ಸಲೀಸು. ಇಲಿಯಿಲ್ಲದಿದ್ದರೆ ಆ ಪ್ರಯೋಗವೇ ಇಲ್ಲ. ಎಷ್ಟು ಇಲಿ, ಯಾವ ದಿನ, ಯಾವ ವಿಧಾನ ಎಂದು ಮೊದಲೇ ಬರೆದು ಒಪ್ಪಿಗೆ ಪಡೆದು ಮಾಡುವುದು ಸಂಕಲ್ಪವಲ್ಲದೆ ಮತ್ತೇನು? ಉದ್ದೇಶ ಲೋಕಹಿತವಾಗಿದ್ದರೆ ಕಷಾಯದ ತೀವ್ರತೆ ಕಡಿಮೆಯೆನ್ನಬಹುದು, ವರ್ಗ ಬದಲಾಗುವುದಿಲ್ಲ.

ಪ್ರಾಣಿಯನ್ನೇ ಮುಟ್ಟದ ಪ್ರಯೋಗಾಲಯವೂ ಪೂರ್ತಿ ನಿರ್ದೋಷವಲ್ಲ. ಗಾಜಿನ ಬಟ್ಟಲಲ್ಲಿ ಜೀವಕೋಶಗಳನ್ನು ಬೆಳೆಸುವ ಪೋಷಕ ದ್ರವಕ್ಕೆ ಬಹಳ ಕಾಲದಿಂದ ಸೇರಿಸುತ್ತ ಬಂದಿರುವುದು ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಂ. ಕಸಾಯಿಖಾನೆಯಲ್ಲಿ ಗಬ್ಬದ ಹಸುವನ್ನು ಕೊಂದಾಗ ಅದು ದೊರೆಯುತ್ತದೆ. ಬಾಟಲಿಯ ಮೇಲೆ ಮೂರಕ್ಷರದ ಇಂಗ್ಲಿಷ್ ಹೆಸರಿರುವುದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಸೀರಂ ಇಲ್ಲದ ಪೋಷಕ ದ್ರವಗಳೂ ಈಗ ಇವೆ, ಕೇಳಿ ತರಿಸಬೇಕು. ಬೇಳೆಯಲ್ಲಿ ಹುಳುವಿದೆಯೇ ಎಂದು ಆರಿಸುವ ಕೈಗೆ ಈ ಆರಿಸುವಿಕೆ ಅಸಾಧ್ಯವೇನಲ್ಲ.

ಆರಿಸಿಕೊಳ್ಳಲು ಅವಕಾಶವೂ ಇದೆ. ಅಮೆರಿಕದ ಜೀವವಿಜ್ಞಾನ ವಿಭಾಗಗಳಲ್ಲಿ ವಿದ್ಯಾರ್ಥಿಯು ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರಗಳಂತೆ ಕೆಲಸ ಮಾಡಿ ನೋಡಿ, ಆಮೇಲೆ ಒಬ್ಬ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಪದ್ಧತಿ ಸಾಮಾನ್ಯ. ಸಸ್ಯಗಳು, ಯೀಸ್ಟು, ಪ್ರೋಟೀನುಗಳ ರಚನೆ, ಗಣಕದಲ್ಲಿ ನಡೆಸುವ ಲೆಕ್ಕಾಚಾರ ಇವೆಲ್ಲ ಒಳ್ಳೆಯ ವಿಜ್ಞಾನವೇ. ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಬಳಿ ಮಾಡಿದ್ದು ಸಸ್ಯಗಳ ಅಂಗರಚನೆಯ ಕೆಲಸ. ತಮ್ಮ ಗುರುವಿನ ಹೆಸರನ್ನು ಒಂದು ಗಿಡಕ್ಕೆ ಇಟ್ಟು, ಸ್ವದೇಶಕ್ಕೆ ಮರಳಿ, ಕನ್ನಡಿಗರು ನಗುತ್ತ ಓದುವ ‘ಅಮೆರಿಕದಲ್ಲಿ ನಾನು’ ಬರೆದರು. ಏಕೇಂದ್ರಿಯ ಜೀವದ ಹಿಂಸೆ ಅಲ್ಲಿಯೂ ಇದ್ದೇ ಇದೆ. ಗೃಹಸ್ಥನಿಗೆ ಅದು ಪೂರ್ತಿ ತಪ್ಪದು. ಆದರೆ ಈ ಅವಕಾಶವನ್ನು ಉಪಯೋಗಿಸಲು, ಪ್ರಶ್ನೆಯೊಂದಿದೆ ಎಂಬುದು ಹೊರಡುವ ಮುನ್ನವೇ ಮಗಳಿಗೆ ತಿಳಿದಿರಬೇಕು. ಅರ್ಜಿ ಬರೆಯುವಾಗಲೇ ತನ್ನ ಮಿತಿಯನ್ನು ಪ್ರಾಧ್ಯಾಪಕರಿಗೆ ನೇರವಾಗಿ ತಿಳಿಸಬೇಕು. ಒಂದೆರಡು ಬಾಗಿಲು ಮುಚ್ಚಬಹುದು. ವ್ರತವೆಂದರೆ ಕೆಲವು ಬಾಗಿಲುಗಳನ್ನು ತಾನೇ ಮುಚ್ಚಿಕೊಳ್ಳುವುದು ತಾನೆ.

ಇಷ್ಟು ಹೇಳಿ ಭಾರವನ್ನೆಲ್ಲ ಇಪ್ಪತ್ತಮೂರು ವರ್ಷದ ಹುಡುಗಿಯ ತಲೆಗೆ ಕಟ್ಟಿ ಹಿರಿಯರು ಏಳುವಂತಿಲ್ಲ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂಬ ಕೃತ, ಕಾರಿತ, ಅನುಮೋದನ ಮೂರರಲ್ಲಿಯೂ ಕರ್ಮಬಂಧವಿದೆಯೆಂಬುದು ಜೈನರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆ ಮನೆಯ ಅಜ್ಜಿ ದಿನವೂ ನುಂಗುವ ರಕ್ತದೊತ್ತಡದ ಮಾತ್ರೆ ಎಂದೋ ಎಲ್ಲೋ ಇಲಿ, ನಾಯಿಗಳ ಮೇಲೆ ಪರೀಕ್ಷೆಗೊಳಪಟ್ಟೇ ಬಂದದ್ದು. ಚಿಕ್ಕಪ್ಪನದು ಔಷಧದ ಅಂಗಡಿಯಾದರೆ ಅಂಥ ಮಾತ್ರೆಗಳಿಂದಲೇ ಸಂಸಾರ ನಡೆಯುತ್ತಿರುತ್ತದೆ, ಬಸದಿಯ ಜೀರ್ಣೋದ್ಧಾರಕ್ಕೆ ಕೊಟ್ಟ ಹಣವೂ ಅದರಿಂದಲೇ ಬಂದಿರುತ್ತದೆ. ಅಜ್ಜಿ ಮಾತ್ರೆ ಬಿಡಬೇಕೆಂದು ಯಾರೂ ಹೇಳರು, ಹೇಳಬಾರದು. ಆದರೆ ಆ ಮಾತ್ರೆಯ ಹಿಂದಿನ ಹಿಂಸೆಯನ್ನು ಯಾರೋ ಅನ್ಯರು ಮಾಡಿದ್ದರಿಂದ ಅದು ತಮ್ಮ ಖಾತೆಗೆ ಬರುವುದಿಲ್ಲವೆಂದು ಇಡೀ ಮನೆ ನಂಬಿಕೊಂಡಿತ್ತು. ಆ ಮಾತ್ರೆಯನ್ನು ಇಲಿಯಿಲ್ಲದೆ ಪರೀಕ್ಷಿಸುವ ವಿಧಾನವನ್ನು ಕಂಡುಹಿಡಿಯುವ ಒಂದು ಪ್ರಯೋಗಾಲಯ ಮಗಳ ಪ್ರವೇಶಪತ್ರದ ಪಟ್ಟಿಯಲ್ಲಿಯೇ ಇರಬಹುದು. ಮನೆಯವರು ಆ ಪಟ್ಟಿಯನ್ನು ಅವಳೊಡನೆ ಕುಳಿತು ಇನ್ನೂ ಓದಿಲ್ಲ.